ಯಾರಲ್ಲಿ ಕ್ಷಮೆ ಬೇಡಬೇಕು? ಇಸ್ಲಾಮಿನ ಮಹಾಪಾಪ, ತೌಬಾ ಮತ್ತು ಎರಡು ಕನ್ನಡ ಕೃತಿಗಳು

ಅನ್ಯಧರ್ಮವೊಂದನ್ನು ಅರಿಯಲು ಅದರ ಪಾಪಕಲ್ಪನೆಯನ್ನು ವಿಚಾರಿಸುವುದು ನೇರವಾದ ದಾರಿ. ಪುಣ್ಯದ ವಿಷಯದಲ್ಲಿ ಎಲ್ಲ ಧರ್ಮಗಳೂ ಬಹುಮಟ್ಟಿಗೆ ಒಂದೇ ಮಾತನ್ನಾಡುತ್ತವೆ. ದಾನ, ದಯೆ, ಸತ್ಯ, ಶೌಚಗಳನ್ನು ಹೊಗಳದ ಮತವಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡ ಪಾಪ ಯಾವುದು, ಅದನ್ನು ಮಾಡಿದವನಿಗೆ ಮರಳಿ ಬರುವ ದಾರಿಯುಂಟೇ, ಉಂಟಾದರೆ ಅದನ್ನು ತೋರುವವರು ಯಾರು ಎಂದು ಕೇಳಿದಾಗ ಉತ್ತರಗಳು ಬೇರೆ ಬೇರೆಯಾಗುತ್ತವೆ. ಆ ಬೇರೆತನದಲ್ಲಿ ಆಯಾ ಧರ್ಮದ ಹೃದಯ ಕಾಣುತ್ತದೆ.

ಇಸ್ಲಾಮಿನ ವಿಷಯದಲ್ಲಿ ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬಹುಕಾಲದಿಂದ ನೆಲೆನಿಂತಿವೆ. ಅವರಿಗೆ ವಿಗ್ರಹಾರಾಧನೆಯೊಂದೇ ಮಹಾಪಾಪ, ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯ ಅದರ ಮುಂದೆ ಹಗುರವಾದುದು ಎಂಬುದು ಮೊದಲನೆಯದು. ಬಾಯಲ್ಲಿ ‘ತೌಬಾ’ ಎಂದುಬಿಟ್ಟರೆ ಪಾಪ ತೊಳೆದುಹೋಯಿತೆಂದು ಅವರು ನಂಬುತ್ತಾರೆ ಎಂಬುದು ಎರಡನೆಯದು. ಗೋವಿಂದರಾಜನಗರ, ವಿಜಯನಗರ, ಪಾದರಾಯನಪುರಗಳಂತಹ ಒತ್ತೊತ್ತಾದ ಬಡಾವಣೆಗಳಲ್ಲಿ ಬಸದಿಗೆ ಹೋಗುವವರೂ ಮಸೀದಿಗೆ ಹೋಗುವವರೂ ಒಂದೇ ಬೀದಿಯಲ್ಲಿ ನಡೆಯುತ್ತಾರೆ, ಒಂದೇ ಅಂಗಡಿಯಲ್ಲಿ ಕೊಳ್ಳುತ್ತಾರೆ. ಒಬ್ಬರು ಇನ್ನೊಬ್ಬರ ವ್ಯಾಪಾರವನ್ನು ಬಲ್ಲರು. ಒಬ್ಬರ ಧರ್ಮಭೀತಿ ಯಾವ ಬಗೆಯದು ಎಂಬುದನ್ನು ಇನ್ನೊಬ್ಬರು ಅರಿಯರು. ಮಂಗಳೂರಿನ ಶಾಂತಿ ಪ್ರಕಾಶನದವರು ಕುರ್‌ಆನಿನ ಕನ್ನಡಾನುವಾದವನ್ನು ಹೊರತಂದಿರುವಾಗ, ಕನ್ನಡದ ಮುಸ್ಲಿಂ ಲೇಖಕಿಯರು ತಮ್ಮ ಸಮಾಜದ ಪಾಪಪುಣ್ಯಗಳನ್ನು ಕುರಿತು ನಿರ್ಭಯವಾಗಿ ಬರೆದಿರುವಾಗ, ಈ ಅಜ್ಞಾನಕ್ಕೆ ಭಾಷೆಯ ನೆಪವೂ ಇಲ್ಲ. ಆದುದರಿಂದ ಮೊದಲು ಆ ಧರ್ಮದ ಸಿದ್ಧಾಂತವನ್ನು ಸಂಗ್ರಹವಾಗಿ ನೋಡಿ, ಅನಂತರ ಎರಡು ಕನ್ನಡ ಕೃತಿಗಳನ್ನು ಆ ಬೆಳಕಿನಲ್ಲಿ ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಮಹಾಪಾಪದ ಸ್ವರೂಪ

ಇಸ್ಲಾಮಿನಲ್ಲಿ ಅತ್ಯಂತ ಘೋರವಾದ ಪಾಪ ‘ಶಿರ್ಕ್’. ದೇವರೊಂದಿಗೆ ಇನ್ನೊಬ್ಬರನ್ನು ಪಾಲುದಾರರನ್ನಾಗಿ ಮಾಡುವುದು ಎಂಬುದು ಈ ಮಾತಿನ ಅರ್ಥ. ಸೃಷ್ಟಿ, ಪಾಲನೆ, ಆರಾಧನೆಗಳಲ್ಲಿ ಏಕೈಕನಿಗೆ ಸಲ್ಲಬೇಕಾದುದನ್ನು ಬೇರೊಬ್ಬರಿಗೆ ಸಲ್ಲಿಸುವುದು ಶಿರ್ಕ್. ದೇವರು ಇದೊಂದನ್ನು ಕ್ಷಮಿಸುವುದಿಲ್ಲ, ಇದಕ್ಕಿಂತ ಕೆಳಗಿನದನ್ನು ತಾನು ಬಯಸಿದವರಿಗೆ ಕ್ಷಮಿಸುವನು ಎಂಬ ಅಭಿಪ್ರಾಯ ಕುರ್‌ಆನಿನ ನಾಲ್ಕನೆಯ ಅಧ್ಯಾಯದ 48 ಹಾಗೂ 116ನೆಯ ಸೂಕ್ತಗಳಲ್ಲಿ ಎರಡು ಸಲ ಬಂದಿದೆ. ನಮ್ಮವರು ಸಾಮಾನ್ಯವಾಗಿ ಕೇಳಿರುವುದು ಇಷ್ಟನ್ನೇ.

ಇದರ ಪಕ್ಕದಲ್ಲಿ ಇನ್ನೂ ಎರಡು ಸಂಗತಿಗಳನ್ನು ಇಟ್ಟು ನೋಡಬೇಕು. ಕ್ಷಮೆಯಿಲ್ಲವೆಂಬ ಮಾತು ಆ ಪಾಪದಲ್ಲಿಯೇ ಪಶ್ಚಾತ್ತಾಪವಿಲ್ಲದೆ ಮರಣಹೊಂದಿದವನಿಗೆ ಅನ್ವಯಿಸುವುದೆಂದು ವ್ಯಾಖ್ಯಾನಕಾರರು ಒಮ್ಮತದಿಂದ ಹೇಳುತ್ತಾರೆ. ಪ್ರವಾದಿಯವರ ಅನುಚರರಲ್ಲಿ ಬಹುಮಂದಿ ಮೊದಲು ಮಕ್ಕೆಯ ವಿಗ್ರಹಗಳನ್ನು ಪೂಜಿಸುತ್ತಿದ್ದವರೇ ಆಗಿದ್ದರು. ಎರಡನೆಯ ಖಲೀಫರಾದ ಉಮರ್ ಮೊದಲು ಹೊಸ ಮತದ ಕಡು ವಿರೋಧಿಯಾಗಿದ್ದವರು. ಶಿರ್ಕಿಗೆ ಮರಳುವ ದಾರಿಯೇ ಇಲ್ಲದಿದ್ದರೆ ಇಸ್ಲಾಮಿನ ಮೊದಲ ಪೀಳಿಗೆಯೇ ಇರುತ್ತಿರಲಿಲ್ಲ. ಮೂವತ್ತೊಂಬತ್ತನೆಯ ಅಧ್ಯಾಯದ 53ನೆಯ ಸೂಕ್ತವು ತಮ್ಮ ಮೇಲೆ ತಾವೇ ಅತಿಕ್ರಮ ಮಾಡಿಕೊಂಡವರನ್ನು ಕುರಿತು, ನಿರಾಶರಾಗಬೇಡಿ, ಎಲ್ಲ ಪಾಪಗಳಿಗೂ ಕ್ಷಮೆಯುಂಟು ಎಂಬ ಆಶಯವನ್ನು ಸಾರುತ್ತದೆ.

ಎರಡನೆಯ ಸಂಗತಿ ನಮ್ಮ ಈಗಿನ ವಿಚಾರಕ್ಕೆ ಹೆಚ್ಚು ಮುಖ್ಯವಾದುದು. ಮೂವತ್ತೊಂದನೆಯ ಅಧ್ಯಾಯದಲ್ಲಿ ಲುಕ್ಮಾನನೆಂಬ ಜ್ಞಾನಿ ತನ್ನ ಮಗನಿಗೆ ಬುದ್ಧಿ ಹೇಳುತ್ತಾನೆ. ಅಲ್ಲಿ ಶಿರ್ಕನ್ನು ಅವನು ‘ಜುಲ್ಮ್’ ಎಂದು, ಅದೂ ದೊಡ್ಡ ಜುಲ್ಮ್ ಎಂದು ಕರೆಯುತ್ತಾನೆ. ಈ ಪದ ನಮಗೆ ಹೊಸದಲ್ಲ. ಕನ್ನಡದ ‘ಜುಲುಮೆ’ ಇದರಿಂದಲೇ ಬಂದುದು. ಒಂದು ವಸ್ತುವನ್ನು ಅದರ ಸ್ಥಾನದಲ್ಲಿಡದೆ ಬೇರೆಡೆ ಇಡುವುದು, ಒಬ್ಬರಿಗೆ ಸಲ್ಲಬೇಕಾದುದನ್ನು ಸಲ್ಲದಂತೆ ಮಾಡುವುದು ಜುಲ್ಮ್ ಎಂದು ಅರಬ್ಬಿ ಪಂಡಿತರು ವಿವರಿಸುತ್ತಾರೆ. ಹಾಗಾದರೆ ಇಸ್ಲಾಮಿನ ಮಹಾಪಾಪವೂ ಮೂಲತಃ ಅನ್ಯಾಯದ ಒಂದು ಬಗೆ. ದೇವರ ಹಕ್ಕನ್ನು ಕಸಿಯುವುದು ಅದರ ತುದಿ. ಮನುಷ್ಯನ ಹಕ್ಕನ್ನು ಕಸಿಯುವುದು ಅದೇ ಸಾಲಿನಲ್ಲಿ ಕೆಳಗೆ ನಿಂತಿದೆ. ಮನುಷ್ಯನನ್ನು ನಾಶಮಾಡುವ ಏಳು ಪಾಪಗಳನ್ನು ಎಣಿಸುವ ಪ್ರಸಿದ್ಧ ಹದೀಸಿನಲ್ಲಿ ಶಿರ್ಕಿನ ಜೊತೆಗೆ ಅನ್ಯಾಯವಾದ ಕೊಲೆ, ಬಡ್ಡಿಯ ಭೋಗ, ಅನಾಥರ ಆಸ್ತಿಯನ್ನು ನುಂಗುವುದು, ಶೀಲವತಿಯ ಮೇಲೆ ಅಪವಾದ ಹೊರಿಸುವುದು ಸೇರಿವೆ.

ಶಿರ್ಕಿನ ಇನ್ನೊಂದು ಸೂಕ್ಷ್ಮರೂಪವನ್ನೂ ಇಲ್ಲಿ ಹೇಳಬೇಕು. ಜನ ನೋಡಲೆಂದು ಪ್ರಾರ್ಥಿಸುವುದು, ಹೆಸರಿಗಾಗಿ ದಾನ ಮಾಡುವುದು ‘ರಿಯಾ’. ಇದನ್ನು ಚಿಕ್ಕ ಶಿರ್ಕ್ ಎಂದು ಹದೀಸು ಕರೆಯುತ್ತದೆ. ಏಕೆಂದರೆ ಅಲ್ಲಿ ಆರಾಧನೆಯಲ್ಲಿ ದೇವರ ಜೊತೆಗೆ ನೆರೆದ ಜನರೂ ಪಾಲುದಾರರಾಗುತ್ತಾರೆ. ನೂರ ಏಳನೆಯ ಅಧ್ಯಾಯ ಇಂತಹ ತೋರಿಕೆಯ ನಮಾಜನ್ನು, ಅನಾಥನನ್ನು ದೂಡುವ ಕ್ರೌರ್ಯದೊಂದಿಗೆ ಒಂದೇ ಉಸಿರಿನಲ್ಲಿ ಖಂಡಿಸಿದೆ. ಕಲ್ಲಿನ ಮೂರ್ತಿಯನ್ನು ಒಪ್ಪದವನೂ ತನ್ನ ಕೀರ್ತಿಯನ್ನೇ ಮೂರ್ತಿಯಾಗಿಸಿಕೊಳ್ಳಬಲ್ಲ ಎಂಬ ಎಚ್ಚರ ಇದರಲ್ಲಿದೆ.

ಜೈನ ವಾಚಕರು ಇಲ್ಲಿ ಮಿಥ್ಯಾತ್ವವನ್ನು ನೆನೆಯುವುದು ಸಹಜ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯ ಬಂಧದ ಕಾರಣಗಳನ್ನು ಹೇಳುವಾಗ ಮಿಥ್ಯಾದರ್ಶನವನ್ನೇ ಮೊದಲಿಗೆ ಇಡುತ್ತದೆ. ಎರಡು ಧರ್ಮಗಳೂ ಕೃತಿಗಿಂತ ಮೊದಲು ದೃಷ್ಟಿಯನ್ನು ಪರೀಕ್ಷಿಸುತ್ತವೆ ಎಂಬಷ್ಟು ಹೋಲಿಕೆ ನಿಜ. ಆದರೆ ಶಿರ್ಕ್ ಎಂದರೆ ಮಿಥ್ಯಾತ್ವವೇ ಎಂದುಬಿಡುವುದು ಅವಸರದ ಮಾತು. ಮಿಥ್ಯಾತ್ವ ಆತ್ಮನು ತನ್ನ ಸ್ವರೂಪವನ್ನು ತಪ್ಪಾಗಿ ಕಾಣುವುದು; ಶಿರ್ಕ್ ಸೃಷ್ಟಿಕರ್ತನಿಗೆ ಬಗೆಯುವ ದ್ರೋಹ. ಸೃಷ್ಟಿಕರ್ತನನ್ನೇ ಒಪ್ಪದ ದರ್ಶನದಲ್ಲಿ ಆ ದ್ರೋಹಕ್ಕೆ ಎಡೆಯಿಲ್ಲ. ಈ ಅಂತರವನ್ನು ಮುಚ್ಚಿ ಎಲ್ಲವೂ ಒಂದೇ ಎನ್ನುವುದು ಸೌಜನ್ಯವೆನಿಸಬಹುದು, ತಿಳಿವಳಿಕೆ ಎನಿಸದು.

ತೌಬಾದ ನಿಯಮ

‘ತೌಬಾ’ ಎಂಬ ಪದದ ಮೂಲಾರ್ಥ ಮರಳುವುದು, ಹಿಂದಿರುಗುವುದು. ಆಡುಮಾತಿನಲ್ಲಿ ಅದು ಬರಿಯ ಉದ್ಗಾರವಾಗಿದೆ. ಶಾಸ್ತ್ರದಲ್ಲಿ ಅದಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ಹದಿಮೂರನೆಯ ಶತಮಾನದ ವಿದ್ವಾಂಸರಾದ ಇಮಾಮ್ ನವವಿ ಅವನ್ನು ಅಡಕವಾಗಿ ಹೇಳಿದ್ದಾರೆ. ಪಾಪವನ್ನು ಆ ಕೂಡಲೇ ಬಿಡಬೇಕು. ಮಾಡಿದುದಕ್ಕಾಗಿ ಮನಸಾರೆ ಮರುಗಬೇಕು. ಇನ್ನೆಂದೂ ಅದರ ಕಡೆ ತಿರುಗೆನೆಂದು ನಿಶ್ಚಯಿಸಬೇಕು. ಇವು ಮೂರು ದೇವರಿಗೂ ದಾಸನಿಗೂ ಮಾತ್ರ ಸಂಬಂಧಿಸಿದ ಪಾಪಗಳಿಗೆ ಸಾಕು. ಪಾಪವು ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದರೆ ನಾಲ್ಕನೆಯದೊಂದು ಸೇರುತ್ತದೆ: ಅವನ ಹಕ್ಕನ್ನು ಅವನಿಗೆ ಹಿಂದಿರುಗಿಸಬೇಕು, ಇಲ್ಲವೇ ಅವನಿಂದ ಕ್ಷಮೆ ಪಡೆಯಬೇಕು. ಇವುಗಳಲ್ಲಿ ಒಂದು ತಪ್ಪಿದರೂ ತೌಬಾ ಪೂರ್ಣವಾಗದು.

ಈ ಮರಳುವಿಕೆಗೆ ಮಧ್ಯವರ್ತಿಗಳಿಲ್ಲ. ಪುರೋಹಿತನ ಮುಂದೆ ಪಾಪವನ್ನು ಒಪ್ಪಿಕೊಳ್ಳುವ ವಿಧಿ ಇಸ್ಲಾಮಿನಲ್ಲಿಲ್ಲ. ತನ್ನ ಗುಟ್ಟಿನ ಪಾಪವನ್ನು ಊರಿಗೆಲ್ಲ ಹೇಳಿಕೊಳ್ಳುವುದನ್ನು ಅದು ಮೆಚ್ಚುವುದೂ ಇಲ್ಲ. ಹುಟ್ಟಿನಿಂದ ಬಂದ ಪಾಪವೂ ಇಲ್ಲ. ಆದಿಪುರುಷನಾದ ಆದಮನ ತಪ್ಪು ಅವನ ಪಶ್ಚಾತ್ತಾಪದಿಂದಲೇ ಮುಗಿಯಿತು. ಆದರೆ ಕಾಲದ ಗಡಿಯೊಂದುಂಟು. ಸಾವು ಗಂಟಲಿಗೆ ಬಂದ ಮೇಲೆ ಹೇಳಿದ ತೌಬಾ ಸಲ್ಲದೆಂದು ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಕಡಲಿನಲ್ಲಿ ಮುಳುಗುತ್ತ ನಂಬಿಕೆಯ ಮಾತನ್ನಾಡಿದ ಫಿರೌನನ ಕಥೆ ಇದಕ್ಕೆ ಉದಾಹರಣೆ.

ತೊಂಬತ್ತೊಂಬತ್ತು ಕೊಲೆಗಳನ್ನು ಮಾಡಿದವನ ಕಥೆ ಬುಖಾರಿ, ಮುಸ್ಲಿಮ್ ಸಂಗ್ರಹಗಳೆರಡರಲ್ಲಿಯೂ ಇದೆ. ಅವನು ಒಬ್ಬ ಸನ್ಯಾಸಿಯ ಬಳಿ ಹೋಗಿ ತನಗೆ ತೌಬಾ ಉಂಟೇ ಎಂದು ಕೇಳುತ್ತಾನೆ; ಇಲ್ಲವೆಂದ ಸನ್ಯಾಸಿಯನ್ನೂ ಕೊಂದು ನೂರು ತುಂಬಿಸುತ್ತಾನೆ. ಅನಂತರ ಒಬ್ಬ ಜ್ಞಾನಿಯ ಬಳಿಗೆ ಹೋಗುತ್ತಾನೆ. ನಿನಗೂ ತೌಬಾಕ್ಕೂ ನಡುವೆ ಅಡ್ಡ ಬರುವವರು ಯಾರು, ಈ ಕೆಟ್ಟ ಊರನ್ನು ಬಿಟ್ಟು ಸಜ್ಜನರಿರುವ ನಾಡಿಗೆ ಹೋಗು ಎಂದು ಜ್ಞಾನಿ ದಾರಿ ತೋರುತ್ತಾನೆ. ನಡುದಾರಿಯಲ್ಲಿ ಅವನಿಗೆ ಸಾವು ಬರುತ್ತದೆ. ದೇವದೂತರು ಎರಡು ಊರುಗಳ ದೂರವನ್ನು ಅಳೆದು ನೋಡಿದಾಗ ಅವನು ಸಜ್ಜನರ ಊರಿಗೆ ಒಂದು ಗೇಣು ಹತ್ತಿರವಾಗಿರುತ್ತಾನೆ. ಕರುಣೆಯ ದೂತರು ಅವನನ್ನು ಕೊಂಡೊಯ್ಯುತ್ತಾರೆ.

ಅಹಿಂಸೆಯೇ ಪರಮಧರ್ಮವೆಂದು ತಿಳಿದವನು ಇಲ್ಲಿ ತಡೆದು ಕೇಳಬೇಕು: ಸತ್ತ ಆ ನೂರು ಮಂದಿಯ ಗತಿಯೇನು? ಅವರ ಪರವಾಗಿ ಕ್ಷಮಿಸಲು ದೇವರಿಗೇನು ಅಧಿಕಾರ? ಈ ಪ್ರಶ್ನೆ ಮುಸ್ಲಿಂ ವಿದ್ವಾಂಸರಿಗೂ ಎದುರಾಗಿದೆ. ಕೊಲೆಯಲ್ಲಿ ಮೂರು ಹಕ್ಕುಗಳು ಕೂಡಿವೆ ಎಂದು ಅವರಲ್ಲಿ ಅನೇಕರು ಬಿಡಿಸಿ ಹೇಳಿದ್ದಾರೆ. ದೇವರ ಹಕ್ಕು ತೌಬಾದಿಂದ ತೀರುತ್ತದೆ. ವಾರಸುದಾರರ ಹಕ್ಕು ದಂಡ, ಪರಿಹಾರ ಅಥವಾ ಅವರ ಕ್ಷಮೆಯಿಂದ ತೀರುತ್ತದೆ. ಸತ್ತವನ ಹಕ್ಕು ಮಾತ್ರ ಅಂತಿಮ ತೀರ್ಪಿನ ದಿನದವರೆಗೆ ಬಾಕಿ ನಿಲ್ಲುತ್ತದೆ. ಅಂದು ದೇವರು ತನ್ನ ಭಂಡಾರದಿಂದ ಆ ನೊಂದವನಿಗೆ ಕೊಟ್ಟು ತೃಪ್ತಿಪಡಿಸಬಹುದು. ನೊಂದವನನ್ನು ಲೆಕ್ಕದಿಂದ ಹೊರಗಿಡುವುದಿಲ್ಲ.

ಎರಡು ಲೆಕ್ಕಗಳು

ಈ ವಿಚಾರಸರಣಿಯ ನಡುಗಂಬ ಇಲ್ಲಿದೆ. ದೇವರ ಹಕ್ಕುಗಳು ‘ಹುಕೂಕುಲ್ಲಾಹ್’, ಮನುಷ್ಯರ ಹಕ್ಕುಗಳು ‘ಹುಕೂಕುಲ್ ಇಬಾದ್’ ಎಂದು ಇಸ್ಲಾಮೀ ನೀತಿಶಾಸ್ತ್ರ ಎರಡು ಲೆಕ್ಕಗಳನ್ನು ಇಡುತ್ತದೆ. ನಮ್ಮ ವರ್ತಕರ ಖಾತೆಪುಸ್ತಕಗಳಲ್ಲಿ ಬಳಕೆಯಾಗುವ ಹಕ್ಕು, ಬಾಕಿ, ಜಮಾ, ವಸೂಲು ಎಂಬ ಮಾತುಗಳೆಲ್ಲ ಅರಬ್ಬಿಯಿಂದ ಬಂದವೇ. ಮೊದಲನೆಯ ಲೆಕ್ಕದಲ್ಲಿ ಸಾಲಿಗನು ದೇವರು, ಅವನು ಉದಾರಿ. ಎರಡನೆಯದರಲ್ಲಿ ಸಾಲಿಗನು ನೆರೆಯವನು, ಹೆಂಡತಿ, ಅನಾಥ, ಕೂಲಿಯವನು. ಅವರ ಬಾಕಿಯನ್ನು ಅವರೇ ಬಿಡಬೇಕು.

ನಿಜವಾದ ದಿವಾಳಿ ಯಾರೆಂದು ಪ್ರವಾದಿಯವರು ಅನುಚರರನ್ನು ಕೇಳಿದ ಪ್ರಸಂಗ ಮುಸ್ಲಿಮ್ ಸಂಗ್ರಹದಲ್ಲಿದೆ. ಹಣವಿಲ್ಲದವನೆಂದು ಅವರು ಉತ್ತರಿಸುತ್ತಾರೆ. ಪ್ರವಾದಿಯವರು ತಿದ್ದುತ್ತಾರೆ: ನಮಾಜು, ಉಪವಾಸ, ಜಕಾತುಗಳ ರಾಶಿಯನ್ನು ಹೊತ್ತು ತೀರ್ಪಿನ ದಿನ ಬರುವವನೊಬ್ಬನಿರುತ್ತಾನೆ, ಆದರೆ ಅವನು ಒಬ್ಬನನ್ನು ಬಯ್ದಿರುತ್ತಾನೆ, ಒಬ್ಬನನ್ನು ಹೊಡೆದಿರುತ್ತಾನೆ, ಮತ್ತೊಬ್ಬನ ಹಣವನ್ನು ನುಂಗಿರುತ್ತಾನೆ. ಅವನ ಪುಣ್ಯವನ್ನು ಒಬ್ಬೊಬ್ಬರಿಗಾಗಿ ಹಂಚಲಾಗುತ್ತದೆ; ಪುಣ್ಯ ಮುಗಿದ ಮೇಲೆ ನೊಂದವರ ಪಾಪವನ್ನು ಅವನ ಮೇಲೆ ಹೊರಿಸಲಾಗುತ್ತದೆ. ಧರ್ಮಕ್ಕಾಗಿ ಪ್ರಾಣತೆತ್ತವನ ಪಾಪಗಳೆಲ್ಲ ಕ್ಷಮಿಸಲ್ಪಟ್ಟರೂ ಸಾಲ ಮಾತ್ರ ಉಳಿಯುತ್ತದೆ ಎಂದು ಅದೇ ಸಂಗ್ರಹದ ಇನ್ನೊಂದು ಹದೀಸು ಹೇಳುತ್ತದೆ.

ಹೀಗಾಗಿ ನಮ್ಮ ಎರಡೂ ಗ್ರಹಿಕೆಗಳು ತಲೆಕೆಳಗಾಗುತ್ತವೆ. ಶಿರ್ಕ್ ಅತಿ ಘೋರವಾದರೂ ಬದುಕಿರುವವರೆಗೆ ಅದರಿಂದ ಮರಳಲು ಮನುಷ್ಯನಿಗೆ ಬೇರೆ ಯಾರ ಒಪ್ಪಿಗೆಯೂ ಬೇಕಿಲ್ಲ. ನೆರೆಯವನಿಗೆ ಮಾಡಿದ ಅನ್ಯಾಯ ಶ್ರೇಣಿಯಲ್ಲಿ ಕೆಳಗಿದ್ದರೂ ಅದರಿಂದ ಬಿಡುಗಡೆ ಕಠಿನ. ಬೀಗದ ಕೈ ನೊಂದವನ ಬಳಿಯಿದೆ.

ಚಂದ್ರಗಿರಿಯ ತೀರ

ಈ ಹಿನ್ನೆಲೆಯಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ನೋಡೋಣ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, ಮಂಗಳೂರಿನಲ್ಲಿ ನೆಲೆಸಿ 2023ರಲ್ಲಿ ತೀರಿಕೊಂಡ ಈ ಲೇಖಕಿಯ ಮೊದಲ ಕಾದಂಬರಿಯಿದು. 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಪ್ರಕಟವಾಗಿ ನಾಡಿನ ಗಮನ ಸೆಳೆಯಿತು. ಮುಂಗೋಪಿಯಾದ ಮಹಮ್ಮದ್ ಖಾನ್ ಹಣದ ವಿಷಯದಲ್ಲಿ ಅಳಿಯ ರಷೀದನ ಮೇಲೆ ಮುನಿದು, ಪರಸ್ಪರ ಪ್ರೀತಿಸುವ ದಂಪತಿಗಳನ್ನು ಅಗಲಿಸಿ, ಮಗಳು ನಾದಿರಾಳಿಗೆ ತಲಾಖ್ ಆಗುವಂತೆ ಮಾಡುತ್ತಾನೆ. ಮುಂದೆ ಗಂಡಹೆಂಡಿರು ಕೂಡಬೇಕೆಂದಾಗ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಮದುವೆಯಾಗಿ ಬಿಡುಗಡೆ ಪಡೆಯಬೇಕೆಂಬ ಕಟ್ಟಳೆ ಅಡ್ಡ ನಿಲ್ಲುತ್ತದೆ. ನಾದಿರಾ ಆ ರಾತ್ರಿಗೆ ಒಪ್ಪಲಾರದೆ ಮಸೀದಿಯ ಕೊಳದಲ್ಲಿ ಪ್ರಾಣಬಿಡುತ್ತಾಳೆ.

ಇಲ್ಲಿ ಪಾಪ ಮಾಡಿದವರು ಯಾರೂ ಧರ್ಮಭ್ರಷ್ಟರಲ್ಲ. ದೇವರೊಬ್ಬನೇ ಎಂಬ ನಂಬಿಕೆಯಲ್ಲಿ ಖಾನನಿಗಾಗಲಿ ಊರಿನವರಿಗಾಗಲಿ ಸಂದೇಹವಿಲ್ಲ. ಮಹಾಪಾಪದಿಂದ ದೂರವಿದ್ದೇವೆಂಬ ನೆಮ್ಮದಿಯಲ್ಲಿಯೇ ಅವರು ಒಬ್ಬ ಹೆಣ್ಣಿನ ಹಕ್ಕನ್ನು ಕಸಿದರು. ಕುರ್‌ಆನಿನ ಎರಡನೆಯ ಅಧ್ಯಾಯದ ನಿಯಮದ ಉದ್ದೇಶ ಗಂಡಸರು ತಲಾಖನ್ನು ಆಟದ ವಸ್ತುವಾಗಿಸದಂತೆ ತಡೆಯುವುದಾಗಿತ್ತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮೊದಲೇ ಮಾತಾಡಿಕೊಂಡು ನಡೆಸುವ ಒಂದು ರಾತ್ರಿಯ ಮದುವೆಯನ್ನು, ಅದನ್ನು ಮಾಡುವವನನ್ನೂ ಮಾಡಿಸುವವನನ್ನೂ, ಪ್ರವಾದಿಯವರು ಶಪಿಸಿದ್ದಾರೆಂದು ಹದೀಸುಗಳಿವೆ. ಗಂಡಸಿನ ಅವಿವೇಕಕ್ಕೆ ಹಾಕಿದ ತಡೆ ಹೆಂಗಸಿನ ಕೊರಳಿಗೆ ಉರುಳಾದುದನ್ನು ಕಾದಂಬರಿ ತೋರಿಸುತ್ತದೆ. ಒಂದೇ ಉಸಿರಿನಲ್ಲಿ ಹೇಳುವ ಮೂರು ತಲಾಖನ್ನು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಅಸಿಂಧುವೆಂದು ಸಾರಿತು. 2019ರಲ್ಲಿ ಶಾಸನವೂ ಬಂದಿತು. ಆದರೂ ಈ ಕೃತಿ ಹಳತಾಗಿಲ್ಲ. ಕಾನೂನು ಮುಂದಿನ ನಾದಿರಾಳನ್ನು ರಕ್ಷಿಸಬಹುದು. ಮಗಳನ್ನು ಕಳೆದುಕೊಂಡ ತಂದೆಯ ತೌಬಾ ಏನು ಎಂಬುದು ಕಾನೂನಿನ ಪ್ರಶ್ನೆಯಲ್ಲ.

ಕಾದಂಬರಿಯ ಅಂತ್ಯ ಭಾವಾತಿರೇಕದ್ದು, ನಾಯಕಿಯನ್ನು ಕೊಲ್ಲುವುದು ಸುಲಭದ ದಾರಿ ಎಂದು ಆಕ್ಷೇಪಿಸಬಹುದು. ಮೇಲೆ ಹೇಳಿದ ನೀತಿಯ ಬೆಳಕಿನಲ್ಲಿ ನೋಡಿದರೆ ಆ ಅಂತ್ಯಕ್ಕೆ ಬೇರೆ ತೂಕ ಬರುತ್ತದೆ. ಖಾನನು ಈಗ ಎಷ್ಟು ಮರುಗಿದರೂ ನಾಲ್ಕನೆಯ ನಿಯಮವನ್ನು ಪೂರೈಸಲಾರ, ಕ್ಷಮಿಸಬೇಕಾದವಳು ಇಲ್ಲ. ಆತ್ಮಹತ್ಯೆ ಇಸ್ಲಾಮಿನಲ್ಲಿ ಘೋರಪಾಪ. ನಾದಿರಾಳನ್ನು ಆ ಪಾಪದ ಅಂಚಿಗೆ ದೂಡಿದವರ ಲೆಕ್ಕವೇನು ಎಂಬ ಪ್ರಶ್ನೆಯನ್ನು ಲೇಖಕಿ ಮಸೀದಿಯ ಕೊಳದ ದಡದಲ್ಲಿಯೇ ನಿಲ್ಲಿಸುತ್ತಾರೆ. ಸ್ಥಳದ ಆಯ್ಕೆ ಅರ್ಥಪೂರ್ಣವಾಗಿದೆ. ಪ್ರಾರ್ಥನೆಗೆ ಮುನ್ನ ಕೈಕಾಲು ತೊಳೆದು ಶುದ್ಧರಾಗುವ ನೀರು ಅದು.

ಕೃತಿಗೆ ಮಿತಿಯೂ ಉಂಟು. ಖಾನನ ಕೋಪ ನಮಗೆ ತಿಳಿಯುವಷ್ಟು ಅವನ ಅಂತರಂಗ ತಿಳಿಯುವುದಿಲ್ಲ. ಪಾಪಿಯ ಒಳಗನ್ನು ಹೊಕ್ಕು ನೋಡಿದ್ದರೆ ಕಾದಂಬರಿ ದೂರಿನ ಎಲ್ಲೆಯನ್ನು ದಾಟಿ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು.

ಮುತವಲ್ಲಿಯ ಪಾಪ

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ ಆ ಒಳಗಿಗೆ ಹೆಚ್ಚು ಹತ್ತಿರ ಹೋಗುತ್ತದೆ. ಹಾಸನದ ವಕೀಲೆಯೂ ಬಂಡಾಯ ಸಾಹಿತ್ಯದ ಲೇಖಕಿಯೂ ಆದ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದುದು ಎಲ್ಲರಿಗೂ ತಿಳಿದಿದೆ; ದೀಪಾ ಭಾಸ್ತಿ ಅವರು ಮಾಡಿದ ಆ ಅನುವಾದದಲ್ಲಿ ಈ ಕಥೆಯೂ ಸೇರಿದೆ. ಗಿರೀಶ ಕಾಸರವಳ್ಳಿಯವರು ಇದನ್ನೇ ಆಧರಿಸಿ 2004ರಲ್ಲಿ ‘ಹಸೀನಾ’ ಚಿತ್ರವನ್ನು ನಿರ್ಮಿಸಿದರು. ಅದರ ಅಭಿನಯಕ್ಕಾಗಿ ತಾರಾ ಅವರಿಗೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ಬಂದಿತು.

ಹೆಣ್ಣುಮಕ್ಕಳನ್ನೇ ಹೆತ್ತಳೆಂಬ ಕಾರಣಕ್ಕೆ ಗಂಡ ಯಾಕೂಬ್ ಅಶ್ರಫ್ ಎಂಬ ಬಡ ಹೆಂಗಸನ್ನು ತೊರೆಯುತ್ತಾನೆ. ಓದಿಕೊಂಡ ಮಹಿಳೆಯೊಬ್ಬಳು, ಧರ್ಮಶಾಸ್ತ್ರವೇ ನಿನಗೆ ಹಕ್ಕು ಕೊಟ್ಟಿದೆ ಎಂದು ಆಕೆಗೆ ತಿಳಿಸುತ್ತಾಳೆ. ಅಶ್ರಫ್ ಕಾಯಿಲೆಯ ಮಗುವನ್ನೆತ್ತಿಕೊಂಡು ನ್ಯಾಯ ಕೇಳಲು ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಮಸೀದಿಯ ಆಡಳಿತ ಹೊತ್ತ ಮುತವಲ್ಲಿ ಆಕೆಯನ್ನು ಇಂದು ನಾಳೆ ಎಂದು ಅಲೆಸುತ್ತಾನೆ; ಅವನಿಗೆ ಬೇರೆ ಕೆಲಸಗಳಿವೆ, ಯಾಕೂಬನ ಕಡೆಗೆ ಓಲುವ ಕಾರಣಗಳಿವೆ. ನ್ಯಾಯ ದೊರೆಯುವ ಮೊದಲೇ ಮಗು ಸಾಯುತ್ತದೆ. ಆಮೇಲೆ ಅವನು ಬೀದಿಯಲ್ಲಿ ನಡೆದುಹೋಗುವಾಗ ಮೊಹಲ್ಲಾದ ಹೆಂಗಸರು ಕರಿ ನಾಗರಗಳು ನಿನ್ನನ್ನು ಸುತ್ತಿಕೊಳ್ಳಲೆಂದು ಶಪಿಸುತ್ತಾರೆ.

ಮುತವಲ್ಲಿ ಯಾರನ್ನೂ ಹೊಡೆದವನಲ್ಲ, ಕದ್ದವನಲ್ಲ. ಕೇಳಬೇಕಾದುದನ್ನು ಕೇಳದೆ ಮುಂದೂಡಿದನು, ಅಷ್ಟೆ. ಸಾರ್ವಜನಿಕ ಹೊಣೆ ಹೊತ್ತವರ ಪಾಪ ಬಹುಮಟ್ಟಿಗೆ ಇಂಥದೇ ಎಂಬುದನ್ನು ಕಂಡುದು ಈ ಕಥೆಯ ಹೆಚ್ಚಳ. ವಕ್ಫ್ ಆಸ್ತಿಯ ಒಡೆತನ ದೇವರದು. ಮುತವಲ್ಲಿ ಅದರ ಕಾವಲುಗಾರ. ದೇವರ ಮನೆಯ ಬಾಗಿಲಲ್ಲಿ ನಿಂತವಳ ಹಕ್ಕನ್ನು ದೇವರ ಹೆಸರಿನಲ್ಲಿಯೇ ತಡೆದುದರಿಂದ ಅವನ ತಪ್ಪಿನಲ್ಲಿ ಎರಡು ಲೆಕ್ಕಗಳೂ ಕೂಡಿಹೋಗಿವೆ. ಶಾಪಕ್ಕೆ ಅವನು ಬೆದರುವುದನ್ನು ಕಥೆ ತೋರಿಸುತ್ತದೆ. ಆದರೆ ಭಯ ತೌಬಾ ಅಲ್ಲ. ಅಶ್ರಫಳ ಮನೆಯ ಬಾಗಿಲಿಗೆ ಅವನು ಹೋಗಿ ನಿಂತನೆಂದು ಕಥೆ ಹೇಳುವುದಿಲ್ಲ. ಹೇಳಿದ್ದರೆ ಅದು ಸುಳ್ಳು ಸಮಾಧಾನವಾಗುತ್ತಿತ್ತು.

ಇಂತಹ ಕೃತಿಗಳು ಸ್ವಸಮಾಜವನ್ನು ಹೊರಗಿನವರ ಮುಂದೆ ಹಗುರಗೊಳಿಸುತ್ತವೆ ಎಂಬ ಆಕ್ಷೇಪ ಇದ್ದೇ ಇದೆ. ಹೊರಗಿನವರಾದ ನಾವು ಇವನ್ನು ಓದಿ, ಅವರು ಹೀಗೆಯೇ ಎಂದು ತಲೆದೂಗಿದರೆ ಆ ಆಕ್ಷೇಪ ನಿಜವಾಗುತ್ತದೆ. ಈ ಇಬ್ಬರು ಲೇಖಕಿಯರೂ ಧರ್ಮದ ಹೊರಗೆ ನಿಂತು ಕಲ್ಲೆಸೆದವರಲ್ಲ. ಧರ್ಮವೇ ಕೊಟ್ಟ ಹಕ್ಕು ಎಲ್ಲಿ ಹೋಯಿತೆಂದು ಒಳಗಿನಿಂದ ಕೇಳಿದವರು. ಅವರ ಪ್ರಶ್ನೆ ಪ್ರತಿಯೊಂದು ಆಡಳಿತ ಮಂಡಳಿಗೂ ಸಲ್ಲುತ್ತದೆ.

ಜನ್ನನ ಕಡೆಯಿಂದ ನೋಡಿದಾಗ

ಕನ್ನಡಿಗರಿಗೆ ಪಾಪ, ಪಶ್ಚಾತ್ತಾಪಗಳೆಂದೊಡನೆ ನೆನಪಾಗುವುದು ಜನ್ನನ ‘ಯಶೋಧರ ಚರಿತೆ’. 1209ರಲ್ಲಿ ರಚಿತವಾದ ಈ ಕಾವ್ಯದಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿಕೊಡುತ್ತಾನೆ. ಸಂಕಲ್ಪಹಿಂಸೆಯ ಆ ಒಂದು ತಪ್ಪಿಗೆ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ. ಯಶೋಧರನ ಮಗನಾದ ಯಶೋಮತಿಯೇ ಅರಿಯದೆ ಅವರನ್ನು ಕೊಲ್ಲಿಸುತ್ತಾನೆ. ಕೊನೆಗೆ ಅವನ ಮಕ್ಕಳಾಗಿ ಹುಟ್ಟಿದ ಅಭಯರುಚಿ, ಅಭಯಮತಿಯರ ಕಥೆ ಕೇಳಿ ಮಾರಿದತ್ತನು ಬಲಿಯ ಕತ್ತಿಯನ್ನು ಕೆಳಗಿಡುತ್ತಾನೆ.

ಆ ಲೋಕದಲ್ಲಿ ಕೊಂದವನೂ ಸತ್ತವನೂ ಮತ್ತೆ ಮತ್ತೆ ಎದುರಾಗುತ್ತಾರೆ. ಭವಾವಳಿಯು ಅವರಿಗೆ ಎರಡನೆಯ, ಮೂರನೆಯ ಭೇಟಿಯನ್ನು ಕೊಡುತ್ತದೆ. ಇಸ್ಲಾಮಿನ ಮನುಷ್ಯನಿಗೆ ಬಾಳು ಒಂದೇ. ನಾದಿರಾ ಕೊಳದಿಂದ ಏಳಲಾರಳು, ಅಶ್ರಫಳ ಮಗು ಇನ್ನೊಂದು ಗರ್ಭದಲ್ಲಿ ಹುಟ್ಟಿ ಬಾರದು. ಮುಂದಿನ ಭೇಟಿ ತೀರ್ಪಿನ ಕಟ್ಟೆಯ ಮುಂದೆಯೇ. ಆದುದರಿಂದ ಬಾಕಿಯನ್ನು ಇಂದೇ ತೀರಿಸಬೇಕೆಂಬ ತುರ್ತು ಆ ಧರ್ಮದಲ್ಲಿ ಹುಟ್ಟುತ್ತದೆ. ಕರ್ಮಸಿದ್ಧಾಂತವನ್ನು ನಂಬಿದವನು ಈ ತುರ್ತನ್ನು ಕಂಡು ಒಂದು ಮಾತನ್ನು ತನಗೆ ಹೇಳಿಕೊಳ್ಳಬಹುದು: ಬಹು ಭವಗಳಿವೆ ಎಂಬುದು ತೊಳಲಾಟದ ಎಚ್ಚರಿಕೆಯಾಗಿ ಹೇಳಿದುದೇ ಹೊರತು ಕಾಲಾವಕಾಶದ ಭರವಸೆಯಾಗಿ ಅಲ್ಲ.

ನಮ್ಮ ಮುಂದಿನ ಪ್ರಶ್ನೆ

ಕ್ಷಮಿಸುವವರು ಯಾರು ಎಂಬಲ್ಲಿ ಎರಡು ಧರ್ಮಗಳ ದಾರಿ ಬೇರೆ. ಇಸ್ಲಾಮಿನಲ್ಲಿ ಕ್ಷಮಿಸುವ ದೇವರಿದ್ದಾನೆ. ಜೈನದರ್ಶನದಲ್ಲಿ ಕರ್ಮವನ್ನು ಯಾರೂ ಮನ್ನಾ ಮಾಡುವುದಿಲ್ಲ; ಅದು ನಿರ್ಜರೆಯಾಗಬೇಕು. ಆದರೆ ನೊಂದವನ ಎದುರು ನಿಲ್ಲಬೇಕೆಂಬಲ್ಲಿ ಎರಡೂ ಹತ್ತಿರ ಬರುತ್ತವೆ. ದಶಲಕ್ಷಣ ಪರ್ವದ ಮುಗಿವಿನಲ್ಲಿ ಕ್ಷಮಾವಾಣಿಯನ್ನು ಹಿರಿಯರು ಇಟ್ಟುದು ಇದಕ್ಕಾಗಿಯೇ. ಈಗ ನಾವು ಅದನ್ನು ಹೇಗೆ ನಡೆಸುತ್ತಿದ್ದೇವೆ? ಅಚ್ಚುಹಾಕಿಸಿದ ಕಾರ್ಡು, ಒಂದೇ ಒತ್ತಿಗೆ ನೂರಾರು ಮಂದಿಗೆ ಹೋಗುವ ಮೊಬೈಲ್ ಸಂದೇಶ. ನಾವು ಎಂದೂ ನೋಯಿಸದ ಬೀಗರಿಗೆ, ಗೆಳೆಯರಿಗೆ ವಿನಯದ ಕ್ಷಮಾಯಾಚನೆ. ಆಸ್ತಿಯ ಪಾಲು ತಪ್ಪಿಸಿದ ತಮ್ಮನಿಗೆ, ಕೂಲಿ ಕಡಿದ ಆಳಿಗೆ, ಸಭೆಯಲ್ಲಿ ಬಾಯಿ ಮುಚ್ಚಿಸಿದ ವಿಧವೆಗೆ ಆ ಕಾರ್ಡು ತಲುಪುವುದಿಲ್ಲ.

‘ಭಗವತೀ ಆರಾಧನಾ’ ಆಲೋಚನೆಯ ಹತ್ತು ದೋಷಗಳನ್ನು ಎಣಿಸಿದೆ. ಗುರುವಿನ ಮರುಕ ಹುಟ್ಟಿಸಿ ಪ್ರಾಯಶ್ಚಿತ್ತವನ್ನು ಹಗುರ ಮಾಡಿಸಿಕೊಳ್ಳುವುದು ಅದರಲ್ಲೊಂದು. ಇತರರು ಕಂಡ ತಪ್ಪನ್ನು ಮಾತ್ರ ಒಪ್ಪಿಕೊಳ್ಳುವುದು ಇನ್ನೊಂದು. ಗದ್ದಲದ ನಡುವೆ ಯಾರಿಗೂ ಕೇಳಿಸದಂತೆ ಹೇಳಿಬಿಡುವುದು ಮತ್ತೊಂದು. ಶಬ್ದಾಕುಲವೆಂಬ ಈ ದೋಷದ ವಿವರಣೆಯನ್ನು ಓದಿದಾಗ ಇಂದಿನ ಕ್ಷಮಾವಾಣಿಯ ಸಭೆಗಳ ಧ್ವನಿವರ್ಧಕಗಳು ನೆನಪಿಗೆ ಬಂದರೆ ಆಶ್ಚರ್ಯವಿಲ್ಲ.

ಬಸದಿಗಳ ಆಡಳಿತ ಹೊತ್ತವರು ‘ಕರಿ ನಾಗರಗಳು’ ಕಥೆಯನ್ನು ಓದುವುದು ಒಳ್ಳೆಯದು. ಜೀರ್ಣೋದ್ಧಾರದ ಲೆಕ್ಕ, ದಾನಿಗಳ ಹೆಸರಿನ ಶಿಲಾಫಲಕ, ಮಹೋತ್ಸವದ ವ್ಯವಸ್ಥೆಗಳ ನಡುವೆ, ಬಾಗಿಲಿಗೆ ಬಂದು ಹಿಂದಿರುಗಿ ಹೋದವರ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆದಿದ್ದೇವೆ? ಮುಂದೂಡಿದ ಅರ್ಜಿ, ಉತ್ತರ ಬರೆಯದ ಪತ್ರ, ತಡವಾದ ವಿದ್ಯಾರ್ಥಿವೇತನ, ಅರ್ಚಕನ ಬಾಕಿ ಸಂಬಳ ಇವೆಲ್ಲವೂ ಆ ಪುಸ್ತಕಕ್ಕೆ ಸೇರಬೇಕಾದವು. ಪರ್ವ ಮುಗಿಯುವ ಮುನ್ನ ಪ್ರತಿಯೊಂದು ಮಂಡಳಿಯೂ ಆ ಪಟ್ಟಿಯನ್ನು ಬರೆದು, ಸಂಬಂಧಪಟ್ಟವರ ಮನೆಗೆ ಒಬ್ಬ ಸದಸ್ಯನನ್ನು ಕಳಿಸಿ, ಕೊಡಬೇಕಾದುದನ್ನು ಕೊಟ್ಟು, ಅನಂತರ ಕ್ಷಮೆ ಕೇಳುವ ಪದ್ಧತಿಯನ್ನು ಆರಂಭಿಸಲಿ. ಕುಟುಂಬಗಳೂ ಹಾಗೆಯೇ ಮಾಡಬಹುದು. ಆ ಪಟ್ಟಿಯಲ್ಲಿ ಪಕ್ಕದ ಬೀದಿಯ ಮುಸ್ಲಿಂ ದರ್ಜಿಯದೋ ಗುಜರಿಯವನದೋ ಹೆಸರಿದ್ದರೆ ಅಲ್ಲಿಗೂ ಹೋಗಬೇಕು. ಏಕೆ ಬಂದಿರಿ ಎಂದು ಅವನು ಕೇಳಲಾರನು; ಹಕ್ಕು, ಬಾಕಿ ಎಂಬ ಮಾತುಗಳ ಅರ್ಥ ಅವನಿಗೆ ಮೊದಲೇ ಗೊತ್ತಿದೆ.